ಸೋದರಮಾವಂದಿರ ನಡುವಿನ ಸ್ಪೇಸು

ಸಮಾಜವನ್ನು ತಿದ್ದಬೇಕೆಂದು ಹೊರಟವರಿಗೆಲ್ಲ ಅವರವರ ಅಳತೆಗೆ ತಕ್ಕ ಒಂದು ಕ್ಷೇತ್ರ ಸಿಕ್ಕಿಯೇ ಸಿಗುತ್ತದೆ. ಕೆಲವರಿಗೆ ಕೆರೆ ಸಿಗುತ್ತದೆ, ಕೆಲವರಿಗೆ ಸರ್ಕಾರಿ ಶಾಲೆ ಸಿಗುತ್ತದೆ, ಇನ್ನು ಕೆಲವರಿಗೆ ಪಕ್ಕದ ಮನೆಯವರ ಕಸದ ಬುಟ್ಟಿ ಸಿಗುತ್ತದೆ. ನನಗೆ ಸಿಕ್ಕಿದ್ದು ಎರಡು ಪದಗಳ ನಡುವಿನ ಖಾಲಿ ಜಾಗ. ಇದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ಸಂಕೋಚವೇ. ಕೆರೆಯ ಹೂಳೆತ್ತಿದವರು ದಂಡೆಯ ಮೇಲೆ ಹೂಳನ್ನಾದರೂ ರಾಶಿ ಹಾಕಿ ತೋರಿಸಬಹುದು. ಕಂಪ್ಯೂಟರಿನ ಬರಹದಿಂದ ಹೆಚ್ಚುವರಿ ಸ್ಪೇಸುಗಳನ್ನು ತೆಗೆದವಳು ಏನನ್ನು ತೋರಿಸಬೇಕು? ತೆಗೆದದ್ದೂ ಕಾಣುವುದಿಲ್ಲ, ಉಳಿದದ್ದೂ ಕಾಣುವುದಿಲ್ಲ. “ದಿನವಿಡೀ ಏನು ಮಾಡಿದೆ?” ಎಂದು ನಮ್ಮ ಮನೆಯವರು ಕೇಳಿದಾಗ ನಾನು ಎಷ್ಟೋ ಸಂಜೆ ಸೊಪ್ಪು ಬಿಡಿಸುತ್ತ ಕುಳಿತದ್ದುಂಟು.

ನನ್ನ ಸಿದ್ಧಾಂತವೇನೋ ಸರಳವಾದದ್ದು. ಪದಕ್ಕೂ ಪದಕ್ಕೂ ನಡುವೆ ಒಂದು ಸ್ಪೇಸು; ವಾಕ್ಯಕ್ಕೂ ವಾಕ್ಯಕ್ಕೂ ನಡುವೆಯೂ ಒಂದೇ ಸ್ಪೇಸು. ಎರಡನೆಯದು ಅಪವ್ಯಯ, ಮೂರನೆಯದು ಅಶಿಸ್ತು, ಅದರಾಚೆಗಿನದೆಲ್ಲ ಅರಾಜಕತೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆಯೇ ಬೆಳೆದವಳಾದ್ದರಿಂದ ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಮಂಡಿಸಬಲ್ಲೆ. ಹಿಂದೆ ಬೆರಳಚ್ಚು ಯಂತ್ರದಲ್ಲಿ ತೆಳ್ಳನೆಯ ಅಕ್ಷರಕ್ಕೂ ದಪ್ಪನೆಯ ಅಕ್ಷರಕ್ಕೂ ಒಂದೇ ಅಗಲದ ಜಾಗ. ಹೀಗಾಗಿ ವಾಕ್ಯ ಮುಗಿದದ್ದು ಕಣ್ಣಿಗೆ ಸ್ಪಷ್ಟವಾಗಲೆಂದು ಪೂರ್ಣವಿರಾಮದ ನಂತರ ಎರಡು ಸಲ ಸ್ಪೇಸು ಒತ್ತಬೇಕೆಂದು ಟೈಪಿಂಗ್ ತರಗತಿಗಳಲ್ಲಿ ಕಲಿಸುತ್ತಿದ್ದರು. ಆ ಯಂತ್ರಗಳು ಗುಜರಿಗೆ ಹೋದವು. ಆದರೆ ಅವುಗಳ ಮೇಲೆ ಪಳಗಿದ ಹೆಬ್ಬೆರಳುಗಳು ಇನ್ನೂ ಸೇವೆಯಲ್ಲಿವೆ. ಅಷ್ಟೇ ಅಲ್ಲ, ಯಂತ್ರವನ್ನೇ ಕಾಣದ ಮುಂದಿನ ಪೀಳಿಗೆಯ ಹೆಬ್ಬೆರಳುಗಳಿಗೂ ಆ ಅಭ್ಯಾಸವನ್ನು ದಾಟಿಸಿಬಿಟ್ಟಿವೆ. ಇಂದಿನ ತಂತ್ರಾಂಶಕ್ಕೆ ಯಾವ ಅಕ್ಷರಕ್ಕೆ ಎಷ್ಟು ಅಗಲ ಬೇಕೆಂಬುದು ಗೊತ್ತು, ವಾಕ್ಯ ಎಲ್ಲಿ ಮುಗಿಯಿತೆಂಬುದು ಓದುಗರಿಗೆ ಗೊತ್ತು. ಹಾಗಿರುವಾಗ ಎರಡನೆಯ ಸ್ಪೇಸು ಯಾರಿಗಾಗಿ ಎಂಬುದು ನನ್ನ ಪ್ರಶ್ನೆ. ಇದಕ್ಕೆ ಈವರೆಗೆ ಯಾರೂ ಸಮರ್ಪಕವಾಗಿ ಉತ್ತರಿಸಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಎದ್ದು ಹೋಗುವುದು ಉತ್ತರವಲ್ಲವೆಂದು ನಾನು ಭಾವಿಸಿದ್ದೇನೆ.

ಕಂಪ್ಯೂಟರಿನಲ್ಲಿ ಸ್ಪೇಸು ಎಂಬುದು ಖಾಲಿಯಲ್ಲ ಎಂಬ ಸಂಗತಿಯನ್ನು ಬಹಳ ಜನ ಗಮನಿಸಿರುವುದಿಲ್ಲ. ಅದೂ ಒಂದು ಅಕ್ಷರವೇ. ಮೈಗೆ ಬಣ್ಣವಿಲ್ಲ, ಅಷ್ಟೇ. ಅದರ ಇನ್ನೊಂದು ಗುಣವೆಂದರೆ ರಬ್ಬರಿನಂತೆ ಹಿಗ್ಗುವುದು. ಎಡಬಲದ ಅಂಚುಗಳೆರಡೂ ಸಮವಾಗಿ ಬರಲಿ ಎಂದು ಒಂದು ಗುಂಡಿ ಒತ್ತಿದಿರೋ, ತಂತ್ರಾಂಶವು ಪದಗಳ ತಂಟೆಗೆ ಹೋಗದೆ ನಡುವಿನ ಸ್ಪೇಸುಗಳನ್ನೇ ಎಳೆದೆಳೆದು ಸಾಲು ತುಂಬಿಸುತ್ತದೆ. ಇಂಗ್ಲಿಷಿನ ಸಾಲಿನಲ್ಲಿ ಪುಟ್ಟ ಪುಟ್ಟ ಪದಗಳು ಬೇಕಾದಷ್ಟಿರುವುದರಿಂದ ಎಳೆತ ಹಂಚಿಹೋಗಿ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಾದರೋ ‘ಕಾರ್ಯನಿರ್ವಹಿಸಬೇಕಾಗಿರುವುದರಿಂದ’ ಎಂಬ ಒಂದೇ ಪದ ಅರ್ಧ ಸಾಲಿನುದ್ದಕ್ಕೂ ಕಾಲು ಚಾಚಿ ಮಲಗಿಬಿಡುತ್ತದೆ. ಅದು ಹಿಡಿಸದೆ ಕೆಳಗಿನ ಸಾಲಿಗೆ ಇಳಿದರೆ ಮೇಲೆ ಉಳಿದ ಎರಡು ಪದಗಳು, ಹೊಸೂರು ರಸ್ತೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಲಾರಿಗಳು ದಾಟಿಹೋಗಲೆಂದು ಕಾಯುವವರಂತೆ ಕಾಣುತ್ತವೆ. ಕನ್ನಡದ ಎಷ್ಟೋ ಪುಟಗಳಲ್ಲಿ ನನಗೆ ಮಾತುಗಳಿಗಿಂತ ಈ ಲಾರಿಗಳೇ ಹೆಚ್ಚು ಕಂಡಿವೆ.

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಯಂತ್ರಗಳ ಬಳಕೆಯ ಕೈಪಿಡಿಗಳನ್ನು ಕನ್ನಡದಲ್ಲಿ ಬರೆಯುತ್ತೇನೆ. ಕಾರ್ಖಾನೆಯಲ್ಲಿ ಕೈ ಬೆರಳು ಎಲ್ಲಿಡಬಾರದು, ಯಾವ ಕೆಂಪು ಗುಂಡಿಯನ್ನು ಯಾವಾಗ ಒತ್ತಬೇಕು ಎಂಬಂಥ ವಿಷಯಗಳು. ತಂತ್ರಾಂಶದಲ್ಲಿ ಅಡಗಿರುವ ಗುರುತುಗಳನ್ನು ತೋರಿಸುವ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಪ್ರತಿಯೊಂದು ಸ್ಪೇಸೂ ಒಂದೊಂದು ಚುಕ್ಕಿಯಾಗಿ ಎದ್ದು ನಿಲ್ಲುತ್ತದೆ. ಒಮ್ಮೆ ನಮ್ಮ ಮ್ಯಾನೇಜರರ ಕಡತವನ್ನು ತೆರೆದು ಹಾಗೆ ಒತ್ತಿದಾಗ ಪುಟವಿಡೀ ಸಾಸಿವೆ ಡಬ್ಬಿ ಉರುಳಿದ ಅಡುಗೆಮನೆಯಂತೆ ಕಂಡಿತು. ಮರುದಿನವೇ ಮೀಟಿಂಗ್ ಕೋಣೆಯಲ್ಲಿ ನಾನು ಈ ವಿಷಯವಾಗಿ ಪೀಠಿಕೆ, ವಾದ, ಪ್ರತಿವಾದ, ಉಪಸಂಹಾರ ಸಹಿತವಾದ ಉಪನ್ಯಾಸ ಕೊಟ್ಟೆ. ಮುಗಿದ ಮೇಲೆ ಪ್ರಶ್ನೆಗಳಿದ್ದರೆ ಕೇಳಬಹುದೆಂದೆ. ಹಿಂದಿನ ಸಾಲಿನಿಂದ ಒಬ್ಬರು, “ಮೇಡಂ, ಕ್ಯಾಂಟೀನಲ್ಲಿ ಪಲಾವ್ ಖಾಲಿಯಾಗತ್ತೆ, ಹೋಗೋಣ್ವಾ?” ಎಂದು ಕೇಳಿದರು. ಅಂದಿನಿಂದ ನಾನು ಉಪದೇಶವನ್ನು ಬಿಟ್ಟು ನೇರ ಕಾರ್ಯಾಚರಣೆಗೆ ಇಳಿದೆ. ಯಾರ ಕಡತ ಬಂದರೂ ‘ಎರಡು ಸ್ಪೇಸು ಇರುವಲ್ಲೆಲ್ಲ ಒಂದು ಮಾಡು’ ಎಂದು ತಂತ್ರಾಂಶಕ್ಕೆ ಅಪ್ಪಣೆ ಕೊಡುವುದು. ಇನ್ನು ಬದಲಾಯಿಸಲು ಏನೂ ಉಳಿದಿಲ್ಲವೆಂದು ಅದು ಒಪ್ಪಿಕೊಳ್ಳುವವರೆಗೂ ಮತ್ತೆ ಮತ್ತೆ ಕೊಡುವುದು. ಹಾಗೆ ಒಪ್ಪಿಕೊಂಡ ಕ್ಷಣದಲ್ಲಿ ನನಗಾಗುವ ನೆಮ್ಮದಿಯನ್ನು ಮನೆ ಗುಡಿಸಿ ಮೊರ ಎತ್ತಿದವರು ಮಾತ್ರ ಬಲ್ಲರು.

ಇಂಥವಳ ಕೈಗೆ ಒಂದು ಲಗ್ನಪತ್ರಿಕೆ ಸಿಕ್ಕಿತು.

ನಾವು ಬಾಡಿಗೆಗಿರುವುದು ಚಂದಾಪುರದಲ್ಲಿ, ಮುನಿರಾಜಣ್ಣನವರ ಮನೆಯ ಮಹಡಿಯ ಮೇಲೆ. ಅವರ ಹಿರಿಯರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮುನಿರಾಜಣ್ಣ ಬಾಡಿಗೆ ಮನೆಗಳನ್ನು ಬೆಳೆಯುತ್ತಾರೆ. ಮಳೆ ಬಂದರೂ ಬಾರದಿದ್ದರೂ ಫಸಲು ತಪ್ಪುವುದಿಲ್ಲ. ಅವರ ಹೆಂಡತಿ ಜಯಮ್ಮನವರು ಗಟ್ಟಿ ದನಿಯ, ಮೆತ್ತನೆಯ ಮನಸ್ಸಿನ ಹೆಂಗಸು. ಇವರ ಒಬ್ಬಳೇ ಮಗಳು ಪವಿತ್ರಾಳ ಮದುವೆ ನಿಶ್ಚಯವಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಮುನಿರಾಜಣ್ಣ ಮಹಡಿ ಹತ್ತಿ ಬಂದರು. “ಮೇಡಂ, ಕಾರ್ಡು ರೆಡಿಯಾಗದೆ. ಪ್ರಿಂಟಿಗೆ ಓಗೋಕೆ ಮುಂಚೆ ನೀವೊಂದ್ಸಾರಿ ಕಣ್ಣಾಡ್ಸಿ. ತಪ್ಪುಗಿಪ್ಪು ಇದ್ರೆ ಬೀಗರು ಆಡ್ಕೋತಾರೆ,” ಎಂದರು. ಸುಧಾರಕರಿಗೆ ಜನರೇ ಮನೆಗೆ ಬಂದು ಸುಧಾರಿಸಿ ಎಂದು ಕೇಳುವ ಭಾಗ್ಯ ಅಪರೂಪ. ನಾನು ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟೆ.

ನನಗೆ ಆಗ ತಿಳಿಯದಿದ್ದ ಒಂದು ವಿಷಯವನ್ನು ಓದುಗರಿಗೆ ಈಗಲೇ ತಿಳಿಸಿಬಿಡುತ್ತೇನೆ. ಜಯಮ್ಮನವರಿಗೆ ಇಬ್ಬರು ಅಣ್ಣಂದಿರು. ದೊಡ್ಡವರು ಸರ್ಜಾಪುರದ ನಾರಾಯಣಪ್ಪ, ಚಿಕ್ಕವರು ಅತ್ತಿಬೆಲೆಯ ವೆಂಕಟರಾಮಪ್ಪ. ಅವರ ತಂದೆಯ ಜಮೀನು ಲೇಔಟ್ ಆದಾಗ, ಅದರ ಬಾಗಿಲಿಗೆ ತಂದೆಯ ಹೆಸರಿನ ಒಂದು ಕಮಾನು ಕಟ್ಟಿಸುವುದೆಂದು ಇಬ್ಬರೂ ಸಂತೋಷವಾಗಿಯೇ ಒಪ್ಪಿದ್ದರಂತೆ. ಆದರೆ ಕಮಾನಿನ ಮೇಲಿನ ಅಕ್ಷರಗಳು ಯಾವ ದಿಕ್ಕಿಗೆ ಮುಖ ಮಾಡಬೇಕು ಎಂಬಲ್ಲಿ ಮಾತು ಬಿದ್ದಿತು. ಒಳಗಿನಿಂದ ಹೊರಡುವವರಿಗೆ ಕಾಣಬೇಕೆಂದು ಅಣ್ಣ, ಹೊರಗಿನಿಂದ ಬರುವವರಿಗೆ ಕಾಣಬೇಕೆಂದು ತಮ್ಮ. ಎರಡೂ ಕಡೆ ಬರೆಸಬಹುದಲ್ಲ ಎಂದು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಜಗಳದ ರಭಸದಲ್ಲಿ ಹೇಳಲಾಗಲಿಲ್ಲವೋ. ಕಮಾನು ಇಂದಿಗೂ ಅಕ್ಷರವಿಲ್ಲದೆ ನಿಂತಿದೆ. ಅಣ್ಣತಮ್ಮಂದಿರು ಅಂದಿನಿಂದ ಮಾತಿಲ್ಲದೆ ಇದ್ದಾರೆ. ಮದುವೆಯಲ್ಲಿ ಹೆಣ್ಣನ್ನು ಧಾರೆಗೆ ಕರೆತರಬೇಕಾದವರು ಸೋದರಮಾವಂದಿರು. ಒಬ್ಬರ ಹೆಸರು ಮೇಲೆ, ಇನ್ನೊಬ್ಬರದು ಕೆಳಗೆ ಬಂದರೆ ಕೆಳಗಿನವರು ಬರುವುದಿಲ್ಲ. ಪಕ್ಕಪಕ್ಕದಲ್ಲಿ ಬಂದರೆ ಇಬ್ಬರೂ ಬರುವುದಿಲ್ಲ. ಮುನಿರಾಜಣ್ಣ ಬಹಳ ಯೋಚಿಸಿ, ಇಬ್ಬರನ್ನೂ ಒಂದೇ ಸಾಲಿನಲ್ಲಿ, ಆದರೆ ಒಬ್ಬರನ್ನು ಎಡತುದಿಗೂ ಇನ್ನೊಬ್ಬರನ್ನು ಬಲತುದಿಗೂ ಕೂರಿಸಿ, ನಡುವೆ ಒಂದು ಬಯಲನ್ನೇ ಬಿಡಿಸಿದ್ದರು.

ಆ ಬಯಲನ್ನು ನಿರ್ಮಿಸಿದವರು ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟಿರುವ ಶೋಭಾ. ಚುರುಕಾದ ಹೆಂಗಸು, ಕಣ್ಣು ಗಿರಾಕಿಯ ಮೇಲೆ, ಬೆರಳು ಕೀಲಿಗಳ ಮೇಲೆ. ಮುನಿರಾಜಣ್ಣ ನನ್ನನ್ನು ಅಂಗಡಿಯಲ್ಲಿ ಇಳಿಸಿ, “ಅಡ್ಗೆಯೋರ್ನ ಮಾತಾಡ್ಸ್ಕಂಡು ಬತ್ತೀನಿ, ಮುಗುದ್ಮೇಲೆ ನನ್ ಮೊಬೈಲಿಗೆ ಆಕ್ಬುಡಿ,” ಎಂದು ಸ್ಕೂಟರ್ ಓಡಿಸಿಕೊಂಡು ಹೋದರು. ನಾನು ಶೋಭಾ ಅವರ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಮೊದಲನೆಯ ಕೆಲಸವಾಗಿ, ಗುರುತು ತೋರಿಸುವ ಗುಂಡಿ ಒತ್ತಿದೆ. ಪರದೆಯ ತುಂಬ ಚುಕ್ಕಿಗಳು ಮುತ್ತಿಕೊಂಡವು.

“ಅಯ್ಯೋ, ಏನ್ ಮೇಡಂ ಇದು, ವೈರಸ್ಸಾ?” ಎಂದರು ಶೋಭಾ.

“ಅಲ್ಲ, ಇವೆಲ್ಲ ನೀವು ಒತ್ತಿರುವ ಸ್ಪೇಸುಗಳು.”

“ಇಷ್ಟೊಂದು ಒತ್ತಿದೀನಾ? ಅದಕ್ಕೇ ಮತ್ತೆ, ಸಂಜೆ ಆದ್ರೆ ಹೆಬ್ಬೆರಳು ಹಿಡ್ಕೊಳ್ಳೋದು.”

“ನೋಡಿ, ಹೆಸರನ್ನು ಸಾಲಿನ ನಡುವಿಗೆ ತರಲು ಇಷ್ಟು ಕಷ್ಟಪಡಬೇಕಾಗಿಲ್ಲ. ಅದಕ್ಕಾಗಿಯೇ ಒಂದು ಗುಂಡಿಯಿದೆ. ಒತ್ತಿದರೆ ತಾನಾಗಿಯೇ ನಡುವಿಗೆ ಬರುತ್ತದೆ.”

“ಗೊತ್ತು ಮೇಡಂ. ಆದ್ರೆ ಅದು ತನಗೆ ಬೇಕಾದ ಮಧ್ಯಕ್ಕೆ ತರತ್ತೆ. ನಮ್ ಗಿರಾಕಿಗಳಿಗೆ ಬೇಕಾಗಿರೋ ಮಧ್ಯಾನೇ ಬೇರೆ.”

ಇದು ತರ್ಕದೋಷವೆಂದು ನಾನು ವಿವರಿಸಲು ಆರಂಭಿಸಿದೆ. ಅಕ್ಷರದ ನಮೂನೆ ಬದಲಾದರೆ ಸ್ಪೇಸಿನ ಅಗಲವೂ ಬದಲಾಗುತ್ತದೆ. ಸ್ಪೇಸು ಒತ್ತಿ ಕಟ್ಟಿದ ಜೋಡಣೆ ಬೇರೆ ಕಂಪ್ಯೂಟರಿಗೆ ಹೋದ ಕೂಡಲೇ ವಾಲುತ್ತದೆ. ಆದ್ದರಿಂದ ಹೆಬ್ಬೆರಳಿನ ಬಲದ ಮೇಲೆ ನಿಂತ ಯಾವ ವ್ಯವಸ್ಥೆಯೂ ಶಾಶ್ವತವಲ್ಲ. ಅಷ್ಟರಲ್ಲಿ ಅಂಗಡಿಯ ಮುಂದೆ ಜೆರಾಕ್ಸಿಗಾಗಿ ಜನ ಸೇರಿ ಗದ್ದಲವಾಯಿತು. ಶೋಭಾ ಎದ್ದರು. “ನೀವೇ ಕೂತ್ಕೊಂಡು ನೋಡಿ ಮೇಡಂ. ಹೆಸ್ರುಗಳನ್ನ ಮಾತ್ರ ಮುಟ್ಬೇಡಿ, ಮುನಿರಾಜಣ್ಣ ಇಲ್ಲೇ ನಿಂತ್ಕೊಂಡು ಒಂದೊಂದಾಗಿ ಹಾಕ್ಸಿರೋದು,” ಎಂದು ಹೇಳಿ ಯಂತ್ರದ ಕಡೆ ಹೋದರು.

ನಾನು ಹೆಸರುಗಳನ್ನು ಮುಟ್ಟಲಿಲ್ಲ. ಈ ಮಾತನ್ನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಒಂದು ಕೊಂಬು, ಒಂದು ದೀರ್ಘ ಕೂಡ ಆಚೀಚೆ ಆಗಲಿಲ್ಲ. ಎರಡು ಸ್ಪೇಸು ಇರುವಲ್ಲೆಲ್ಲ ಒಂದು ಮಾಡು ಎಂದು ಅಪ್ಪಣೆ ಕೊಟ್ಟೆ, ಅಷ್ಟೇ. ಮತ್ತೆ ಕೊಟ್ಟೆ. ಮತ್ತೆ ಮತ್ತೆ ಕೊಟ್ಟೆ. ಚಂದಾಪುರದ ಆ ಒಂದು ಪುಟದಲ್ಲಿದ್ದಷ್ಟು ಸ್ಪೇಸು ನಮ್ಮ ಕಂಪನಿಯ ಇಡೀ ಕೈಪಿಡಿಯಲ್ಲಿರಲಿಲ್ಲ. ಕೊನೆಗೆ ತಂತ್ರಾಂಶ ಶರಣಾಯಿತು. ಪರದೆಯ ಮೇಲೆ ಕಾಣುತ್ತಿದ್ದ ಭಾಗ, ಅಂದರೆ ದೇವರ ಹೆಸರುಗಳು, ಮುಹೂರ್ತದ ಒಕ್ಕಣೆ, ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎಂಬಲ್ಲಿಯವರೆಗೆ, ನಾಟಿ ಹಾಕಿದ ಗದ್ದೆಯಂತೆ ಅಚ್ಚುಕಟ್ಟಾಗಿ ನಿಂತಿತು. ಅದರ ಕೆಳಗೆ ಪುಟ ಇನ್ನೂ ಇತ್ತು. ನಾನು ಅದನ್ನು ಕೆಳಕ್ಕೆ ಸರಿಸಿ ನೋಡಲಿಲ್ಲ. ಮೇಲುಭಾಗ ಇಷ್ಟು ಚೆನ್ನಾಗಿ ಬಂದಿರುವಾಗ ಕೆಳಭಾಗವೂ ಹಾಗೆಯೇ ಇರಬೇಕೆಂಬುದು ತರ್ಕಶಾಸ್ತ್ರದವರು ಹೇಳುವ ನನ್ನ ಅನುಮಾನ ಪ್ರಮಾಣವಾಗಿತ್ತು. ಶೋಭಾ ಅವರಿಗೆ ಹೇಳಿ ಅದನ್ನು ಮುನಿರಾಜಣ್ಣನವರ ಮೊಬೈಲಿಗೆ ಕಳಿಸಿ ಮನೆಗೆ ನಡೆದೆ. ಅಡುಗೆಯವರ ಜೊತೆ ಹೋಳಿಗೆಯ ಗಾತ್ರದ ಬಗ್ಗೆ ಮಾತಿನಲ್ಲಿದ್ದ ಮುನಿರಾಜಣ್ಣ, ಕನ್ನಡಕ ಹಾಕಿಕೊಳ್ಳದೆಯೇ, ಮೇಡಂ ನೋಡಿದ ಮೇಲೆ ಇನ್ನೇನು ಎಂಬ ನಂಬಿಕೆಯಿಂದ, ಅದನ್ನು ಹಾಗೆಯೇ ನೆಂಟರ ಗ್ರೂಪಿಗೆ ಹಾಕಿಬಿಟ್ಟರು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದವರು ಜಯಮ್ಮ. ಹಿಂದೆ ಮುನಿರಾಜಣ್ಣ, ಕನ್ನಡಕ ಹಾಕಿಕೊಂಡು.

“ಅಲ್ಲ ಕಣವ್ವಾ, ಏನ್ ಕೆಲ್ಸ ಮಾಡಿಟ್ಟೆ ನೀನು?” ಎಂದು ಜಯಮ್ಮ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು.

ಪುಟದ ಕೆಳಭಾಗವನ್ನು ನಾನು ಆಗ ಮೊದಲ ಬಾರಿಗೆ ನೋಡಿದೆ. ಎರಡು ಅಂಕಣವಾಗಿ ನಿಲ್ಲಿಸಿದ್ದ ನೆಂಟರೆಲ್ಲ ಹಬ್ಬದ ದಿನದ ಬಸ್ಸಿನಲ್ಲಿ ಸಿಕ್ಕಿಕೊಂಡವರಂತೆ ಒಬ್ಬರಿಗೊಬ್ಬರು ಆತುಕೊಂಡಿದ್ದರು. ಅವರೆಲ್ಲರ ನೆತ್ತಿಯ ಮೇಲೆ, ಸೋದರಮಾವಂದಿರು ಎಂಬ ಶೀರ್ಷಿಕೆಯ ಅಡಿಯಲ್ಲಿ, ಸರ್ಜಾಪುರದ ನಾರಾಯಣಪ್ಪನವರೂ ಅತ್ತಿಬೆಲೆಯ ವೆಂಕಟರಾಮಪ್ಪನವರೂ, ನಡುವೆ ನನ್ನ ಸಿದ್ಧಾಂತ ಅನುಮತಿಸುವ ಒಂದೇ ಒಂದು ಸ್ಪೇಸನ್ನಿಟ್ಟುಕೊಂಡು, ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಕಮಾನಿನ ಕಥೆಯನ್ನು ನಾನು ಕೇಳಿದ್ದು ಆ ಹೊಸ್ತಿಲಿನ ಮೇಲೆ ನಿಂತೇ.

“ಇಬ್ರೂ ನೋಡವ್ರೆ ಮೇಡಂ. ಒಬ್ರೂ ಏನೂ ಅಂದಿಲ್ಲ,” ಎಂದರು ಮುನಿರಾಜಣ್ಣ. “ಬೈದಿದ್ರೆ ಸಮಾಧಾನ ಮಾಡ್ಬೋದಾಗಿತ್ತು. ಬೈದೇ ಇಲ್ಲ. ಅದೇ ಬಯ.”

ಸರಿಪಡಿಸಿದ ಪತ್ರಿಕೆಯನ್ನು ಕೂಡಲೇ ಕಳಿಸಿದರಾಯಿತಲ್ಲ ಎಂದೆ. ಜಯಮ್ಮ ಸೆರಗನ್ನು ಸೊಂಟಕ್ಕೆ ಬಿಗಿದರು. “ಈಗ ದೂರ ಕೂರ್ಸಿ ಕಳ್ಸಿದ್ರೆ ಒಬ್ಬ ಇನ್ನೊಬ್ಬನ್ನ ನೋಡಿ, ಇವ್ನೇ ಯೋಳಿ ದೂರ ಮಾಡ್ಸ್ದ ಅನ್ಕೊಳಲ್ವಾ? ಧಾರೆ ಒತ್ನಲ್ಲಿ ನನ್ ಮಗಳ ಕೈ ಇಡ್ದು ಕರ್ಕಬರೋರ್ಯಾರು? ನಿನ್ ಕಂಪೂಟ್ರಾ?”

ಅವರ ದನಿ ಕೊನೆಯ ಮಾತಿಗೆ ಸ್ವಲ್ಪ ಒಡೆಯಿತು. ಕೆಳಗೆ ಮೆಟ್ಟಿಲ ಬಳಿ ಪವಿತ್ರಾ ನಿಂತು ಮೇಲೆ ನೋಡುತ್ತಿದ್ದಳು. ನನಗೆ ಬಹಳ ನಾಚಿಕೆಯಾಯಿತು. ತಪ್ಪು ನನ್ನದು, ಆದ್ದರಿಂದ ಇಬ್ಬರ ಬಳಿಗೂ ನಾನೇ ಹೋಗಿ ವಸ್ತುಸ್ಥಿತಿಯನ್ನು ವಿವರಿಸುತ್ತೇನೆ ಎಂದೆ. ಸತ್ಯವನ್ನು ಕ್ರಮಬದ್ಧವಾಗಿ ಮಂಡಿಸಿದರೆ ಒಪ್ಪದ ಮನುಷ್ಯನಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಮುನಿರಾಜಣ್ಣ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ನಾನು ಮನಸ್ಸಿನಲ್ಲಿಯೇ ಪೀಠಿಕೆ ಸಿದ್ಧಪಡಿಸಿಕೊಳ್ಳುತ್ತಿದ್ದೆ.

ಸರ್ಜಾಪುರದಲ್ಲಿ ನಾರಾಯಣಪ್ಪನವರು ಹಿಂದೆ ಕೊಟ್ಟಿಗೆಯಾಗಿದ್ದ, ಈಗ ಬಾಡಿಗೆಯವರ ಬೈಕುಗಳು ನಿಲ್ಲುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಎದುರಿನ ಸ್ಟೂಲಿನ ಮೇಲೆ ಮೊಬೈಲು. ನಮಗೆ ಕಾಫಿ ತರಲು ಹೇಳಿ, “ಭಾವ, ಇದು ವೆಂಕಟರಾಮ ಯೋಳಿ ಆಕ್ಸಿದ್ದು ತಾನೆ?” ಎಂದು ಕೇಳಿದರು.

ಮುನಿರಾಜಣ್ಣ ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದು ನಿಂತೆ. “ಇಲ್ಲ ಯಜಮಾನರೆ. ಇದರಲ್ಲಿ ನಿಮ್ಮ ತಮ್ಮನವರ ಪಾತ್ರ ಯಾವುದೂ ಇಲ್ಲ. ತಂತ್ರಾಂಶದಲ್ಲಿ ಸ್ಪೇಸು ಎಂಬುದು ಒಂದು ಅಕ್ಷರ. ಅದು ಎರಡಿದ್ದಲ್ಲಿ ಒಂದು ಮಾಡುವಂತೆ ನಾನು ಅಪ್ಪಣೆ ಕೊಟ್ಟೆ. ಅದರ ಪರಿಣಾಮವಾಗಿ ನಿಮ್ಮಿಬ್ಬರ ಹೆಸರು ಹತ್ತಿರಕ್ಕೆ ಬಂದಿತು. ಅವರು ಹೇಳಲೇ ಇಲ್ಲ.”

ನಾರಾಯಣಪ್ಪನವರು ನನ್ನನ್ನು ಕನಿಕರದಿಂದ ನೋಡಿದರು. “ಯೋಳ್ಬೇಡಿ ಅಂತ ಅಂದವ್ನೆ, ಅಲ್ವಾ?”

“ಇಲ್ಲ, ನನಗೆ ಅವರ ಪರಿಚಯವೇ ಇಲ್ಲ.”

“ಗೊತ್ತು ಬುಡವ್ವಾ. ಚಿಕ್ಕೋನಿದ್ದಾಗ್ಲಿಂದ್ಲೂ ಅವ್ನು ಅಂಗೇಯ. ಮಾಡ್ತಾನೆ, ಮಾಡ್ದೆ ಅಂತ ಬಾಯಿ ಬುಡಲ್ಲ. ಅವ್ನೇ ಮುಂದೆ ಬಂದವ್ನೆ ಅಂದ್ಮೇಲೆ ದೊಡ್ಡೋನು ನಾನು ಇಂದೆ ಓಗಕಾಯ್ತದಾ?” ಎಂದು ಕಣ್ಣೊರೆಸಿಕೊಳ್ಳುವ ನೆಪದಲ್ಲಿ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು.

ನಾನು ಮತ್ತೆ ಮಾತು ಎತ್ತಿದೆ. ಒಂದು ತಪ್ಪು ನಂಬಿಕೆಯ ಮೇಲೆ ನಿಂತ ಸಾಮರಸ್ಯಕ್ಕಿಂತ ಸತ್ಯದ ಮೇಲೆ ನಿಂತ ಜಗಳವಾದರೂ ಲೇಸೆಂಬ ಅರ್ಥ ಬರುವ ಒಂದು ವಾಕ್ಯವನ್ನು ಆರಂಭಿಸಿದ್ದೆ ಕೂಡ. ಮುನಿರಾಜಣ್ಣ ನನ್ನ ಕಾಲಿನ ಮೇಲೆ ತಮ್ಮ ಕಾಲಿಟ್ಟರು. ಅವರದು ಗದ್ದೆ ತುಳಿದ ಕಾಲು. ವಾಕ್ಯ ಅಲ್ಲಿಯೇ ನಿಂತಿತು.

ಅತ್ತಿಬೆಲೆಯಲ್ಲಿ ವೆಂಕಟರಾಮಪ್ಪನವರು ತಮ್ಮ ಟೆಂಪೋಗಳಿಗೆ ಸರಕು ಹೇರಿಸುತ್ತಿದ್ದರು. ನಮ್ಮನ್ನು ಕಂಡು ಹತ್ತಿರ ಬಂದು, “ಭಾವ, ನಮ್ಮಣ್ಣ ಏನಂದ? ಅವ್ನೇ ತಾನೆ ಇಂಗ್ ಆಕ್ಸು ಅಂದಿದ್ದು?” ಎಂದರು. ಕಾಲು ನೋಯುತ್ತಿದ್ದರೂ ನಾನು ನನ್ನ ಕರ್ತವ್ಯದಿಂದ ಹಿಂಜರಿಯಲಿಲ್ಲ. ಮೊದಲಿಗಿಂತ ಚುಟುಕಾಗಿ, ಹೆಚ್ಚು ಸ್ಪಷ್ಟವಾಗಿ, ಎಲ್ಲವೂ ನನ್ನ ಕೈತಪ್ಪೆಂದು ತಿಳಿಸಿದೆ. ವೆಂಕಟರಾಮಪ್ಪ ನಕ್ಕರು. “ಇವರ್ಯಾರು ಭಾವ, ನಮ್ಮಣ್ಣ ಕಳ್ಸಿರೋ ಲಾಯರ್ರಾ? ಚೆನ್ನಾಗಿ ಮಾತಾಡ್ತಾರೆ. ಅವ್ನು ಎದುರಿಗೆ ಬಂದು ಬಾರೋ ತಮ್ಮಾ ಅನ್ನೋ ಪೈಕಿ ಅಲ್ಲ. ಇಂಗೆ ಕಾರ್ಡಲ್ಲಿ ಕರೀತಾನೆ. ಕರ್ದವ್ನೆ, ಬತ್ತೀನಿ ಅನ್ನಿ,” ಎಂದು ಹೇಳಿ, ನನಗೆ ಎಳನೀರು ಕೊಚ್ಚಿಸಿದರು. ನಾನು ಎಷ್ಟು ಪ್ರಾಮಾಣಿಕವಾಗಿ ನಿರಾಕರಿಸಿದೆನೋ ಅಷ್ಟು ಬಲವಾದ ಸಾಕ್ಷ್ಯ ಅವರಿಗೆ ದೊರೆಯಿತು.

ಹಿಂದಿರುಗುವಾಗ ಮುನಿರಾಜಣ್ಣ ಕಾರನ್ನು ನೇರವಾಗಿ ಶೋಭಾ ಅವರ ಅಂಗಡಿಯ ಮುಂದೆ ನಿಲ್ಲಿಸಿದರು. ಆ ಸಾಲು ಹೇಗಿದೆಯೋ ಹಾಗೆಯೇ ಅಚ್ಚಾಗಬೇಕು, ಕೂದಲೆಳೆಯಷ್ಟೂ ಅಲುಗಬಾರದು ಎಂಬುದು ಅಪ್ಪಣೆ. ಶೋಭಾ ಕೆಳಗಿನ ನೆಂಟರನ್ನೆಲ್ಲ ಹಳೆಯ ಅಂಕಣಗಳಿಗೆ ಮರಳಿ ಕೂರಿಸಿ, ಪುಟ ಚೆಂದ ಕಾಣಲೆಂದು ಎರಡೂ ಅಂಚು ಸಮ ಮಾಡುವ ಗುಂಡಿಯನ್ನು ಒತ್ತಿದರು. ಸೋದರಮಾವಂದಿರ ಸಾಲಿನ ಕೊನೆಯಲ್ಲಿ ಅವರು ಪ್ಯಾರಾ ಮುಗಿಸದೆ ಬರೀ ಸಾಲನ್ನಷ್ಟೇ ಮುರಿದಿದ್ದರು. ಹಾಗೆ ಮುರಿದ ಸಾಲನ್ನೂ ತಂತ್ರಾಂಶ ಬಿಡದೆ ಎಳೆಯುತ್ತದೆ. ನಡುವಿನ ಆ ಒಂದೇ ಸ್ಪೇಸು ಹಿಗ್ಗಿ ಹಿಗ್ಗಿ, ಅಣ್ಣ ಎಡತುದಿಗೂ ತಮ್ಮ ಬಲತುದಿಗೂ ಹಾರಿಹೋದರು. ಮುನಿರಾಜಣ್ಣ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತರು.

“ನಾನೇನೂ ಮಾಡ್ಲಿಲ್ಲಣ್ಣ, ಅದೇ ದೂರ ಹೋಯ್ತು,” ಎಂದರು ಶೋಭಾ.

ಆಗ ನನ್ನ ವಿದ್ಯೆ ಮೊದಲ ಬಾರಿಗೆ ಯಾರಿಗೋ ಬೇಕಾಯಿತು. ಆ ಸಾಲನ್ನು ಬೇರೆಯೇ ಪ್ಯಾರಾ ಮಾಡಿ ನಡುವಿಗೆ ತಂದೆ. ಸಾಲು ಸಾಲದೆ ಹೋದರೂ ಪದಗಳನ್ನು ಅಗಲಲು ಬಿಡದ ಒಂದು ಬಗೆಯ ಸ್ಪೇಸು ಇದೆ, ಹೆಸರುಗಳ ನಡುವೆ ಅದನ್ನು ಹಾಕಿದೆ. ಇನ್ನು ಯಾವ ಕಂಪ್ಯೂಟರಿನಲ್ಲಿ ತೆರೆದರೂ ತಮ್ಮ ಕೆಳಗಿನ ಸಾಲಿಗೆ ಬೀಳುವ ಅಪಾಯವಿಲ್ಲ. ಹೋದರೆ ಇಬ್ಬರೂ ಒಟ್ಟಿಗೆ ಹೋಗಬೇಕು. ಇದನ್ನು ವಿವರಿಸಿದಾಗ ಮುನಿರಾಜಣ್ಣ, “ಇದ್ನ ಮೊದ್ಲೇ ಕಮಾನಿಗೆ ಆಕಿದ್ರೆ ಆಗೋದು,” ಎಂದರು.

ಮದುವೆ ಚೆನ್ನಾಗಿ ನಡೆಯಿತು. ಧಾರೆಯ ಹೊತ್ತಿಗೆ ಪವಿತ್ರಾಳ ಬಲಗೈಯನ್ನು ಒಬ್ಬ ಮಾವ, ಎಡಗೈಯನ್ನು ಇನ್ನೊಬ್ಬ ಮಾವ ಹಿಡಿದು ಕರೆತಂದರು. ಅವಳು ನಗುತ್ತಿದ್ದಳು, ಜಯಮ್ಮ ಅಳುತ್ತಿದ್ದರು. ಆ ಮನೆಯಲ್ಲಿ ಎಲ್ಲವೂ ಸರಿಯಾಗಿದೆ ಎಂಬುದಕ್ಕೆ ಅದು ಗುರುತು. ಊಟದ ಪಂಕ್ತಿಯಲ್ಲಿ ನನಗೆ ಸಿಕ್ಕ ಜಾಗ ಆ ಇಬ್ಬರ ಎದುರಿಗೇ. ಕೋಸಂಬರಿ ಮುಗಿಯುವವರೆಗೆ ಶಾಂತಿಯಿತ್ತು. ಅನ್ನಕ್ಕೆ ಸಾರು ಬೀಳುವ ಹೊತ್ತಿಗೆ ನಾರಾಯಣಪ್ಪನವರು, “ನೀನೇ ಮೊದ್ಲು ಸೋತು ಬಂದ್ಯಲ್ಲ, ಅದು ದೊಡ್ಗುಣ ಕಣೋ,” ಎಂದರು.

“ನಾನೆಲ್ಲಿ ಸೋತೆ? ಪಕ್ಕದಲ್ಲಿ ಆಕ್ಸಿದ್ದು ನೀನು.”

“ನಾನ್ಯಾಕ್ ಆಕ್ಸ್ಲಿ? ಆಕ್ಸಿದ್ದು ನೀನು, ಬುಡು.”

“ಆಣೆ ಮಾಡು ನೋಡನ.”

ಅನ್ನದ ಮೇಲೆ ಕೈಗಳು ನಿಂತವು. ಬಡಿಸುವವರು ಅಲ್ಲಿಯೇ ನಿಂತರು. ಆಚೆ ಪಂಕ್ತಿಯಿಂದ ಜಯಮ್ಮ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು. “ಈ ಮೇಡಂ ಇದ್ರಲ್ಲ ಆವತ್ತು. ಇವರೇ ಯೋಳ್ಲಿ. ಯಾರವ್ವಾ ಆಕ್ಸಿದ್ದು?”

ನಾನು ಸುಳ್ಳು ಹೇಳಬಹುದಿತ್ತು. ಆದರೆ ಯಾರ ಹೆಸರು ಹೇಳಿದರೂ ಇನ್ನೊಬ್ಬರು ಗೆದ್ದಂತಾಗುತ್ತಿತ್ತು. ಸುಳ್ಳಿಗೂ ಅಲ್ಲಿ ಜಾಗವಿರಲಿಲ್ಲ. ಹೀಗಾಗಿ ಎಲೆಯ ಮುಂದೆ ಕುಳಿತೇ, ಮೂರನೆಯ ಬಾರಿಗೆ, ನಡೆದದ್ದನ್ನು ನಡೆದಂತೆ ಹೇಳಿದೆ. ಸ್ಪೇಸು ಎಂಬುದು ಅಕ್ಷರವೆಂದೆ. ಎರಡಿದ್ದದ್ದನ್ನು ಒಂದು ಮಾಡಿದೆನೆಂದೆ. ಪುಟದ ಕೆಳಭಾಗವನ್ನು ನೋಡಲೇ ಇಲ್ಲವೆಂದೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಎಲ್ಲವೂ ನನ್ನ ಅಜಾಗರೂಕತೆ ಎಂದೆ.

ಅಣ್ಣ ತಮ್ಮನನ್ನು ನೋಡಿದರು. ತಮ್ಮ ಅಣ್ಣನನ್ನು ನೋಡಿದರು. ಕಮಾನು ಕಟ್ಟಿದಂದಿನಿಂದ ಯಾವ ವಿಷಯಕ್ಕೂ ಒಮ್ಮತಕ್ಕೆ ಬಾರದಿದ್ದ ಆ ಇಬ್ಬರ ಮುಖದಲ್ಲೂ ಒಂದೇ ಭಾವ ಮೂಡಿತು.

“ನಂಬ್ತೀಯೇನಣ್ಣ?” ಎಂದರು ವೆಂಕಟರಾಮಪ್ಪ.

“ಎಲ್ಲಾದ್ರೂ ಉಂಟೇನೋ,” ಎಂದರು ನಾರಾಯಣಪ್ಪ. “ಕಾಲಿ ಜಾಗ ಅಕ್ಸರ ಅಂತೆ. ಓದ್ದೋರು ನಮ್ಮಿಬ್ರಿಗೂ ಜಗಳ ಆಗ್ಬಾರ್ದು ಅಂತ ಏನೋ ಒಂದು ಕಟ್ಟಿ ಯೋಳ್ತವ್ರೆ. ಒಳ್ಳೆ ಯೆಣ್ಮಗಳು, ಸುಳ್ಳೇಳಕ್ ಬರಲ್ಲ, ಪಾಪ.”

“ಪಾಪ,” ಎಂದು ತಮ್ಮನೂ ಅನುಮೋದಿಸಿದರು. ಇಬ್ಬರೂ ಏಕಕಾಲಕ್ಕೆ ಬಡಿಸುವವರನ್ನು ಕರೆದು, ಎದುರಿನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಲು ಹೇಳಿದರು. ನಾನು ಬೇಡವೆನ್ನಲಿಲ್ಲ. ಸತ್ಯ ಹೇಳಿದ್ದಕ್ಕೆ ನನಗೆ ಈವರೆಗೆ ದೊರೆತ ಮನ್ನಣೆಗಳಲ್ಲಿ ಮೇಲೆ ತುಪ್ಪ ಸುರಿದು ಕೊಟ್ಟದ್ದು ಅದೊಂದೇ.